ಇನ್ನೂರು ಚಿತ್ರ, ನಾಲ್ಕು ದಿನದ ರಜೆ

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸುದ್ದಿಯನ್ನು ವರ್ಷಾ ವರ್ಷಾ ಪೇಪರಿನಲ್ಲಿ ಓದುತ್ತೇನೆ, ಒಮ್ಮೆಯೂ ಹೋಗಿಲ್ಲ. ಮುಂದಿನ ಸಲ ನಾಲ್ಕು ದಿನ ರಜೆ ಹಾಕಿ ಹೋಗೋಣ ಅಂತಿದ್ದೇನೆ. ಅಷ್ಟು ಚಿತ್ರಗಳಲ್ಲಿ ಯಾವುದನ್ನು ನೋಡಬೇಕು ಅಂತ ತಿಳಿಯುವುದು ಹೇಗೆ? ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಲು ನನಗೆ ಬರುವುದಿಲ್ಲ. ಪೂರ್ತಿ ಪಾಸ್ ಬದಲು ಒಂದೆರಡು ಚಿತ್ರಕ್ಕೆ ಟಿಕೆಟ್ ಸಿಗುತ್ತದೆಯೇ? ಪಿಯುಸಿ ಓದುತ್ತಿರುವ ಮಗಳನ್ನು ಕರೆತರಬಹುದೇ? "ಅದು ಬುದ್ಧಿಜೀವಿಗಳ ಜಾತ್ರೆ, ಹೋದರೆ ಎಸಿಯಲ್ಲಿ ಒಳ್ಳೇ ನಿದ್ದೆ ಬರುತ್ತೆ" ಅನ್ನುತ್ತಾರೆ ನಮ್ಮ ಸಹೋದ್ಯೋಗಿ. ಇದು ನಿಜವೇ?

ಉತ್ತರ: ನಿರಾಸೆಯ ಮಾತುಗಳನ್ನು ಮೊದಲೇ ಆಡಿ ಮುಗಿಸಿಬಿಡುತ್ತೇನೆ, ಮೇಷ್ಟ್ರೇ. ಮಗಳಿಗೆ ಹದಿನೆಂಟು ತುಂಬಿಲ್ಲ ಅಂದರೆ ಕರೆತರಬೇಡಿ, ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬಿಡಿ ಟಿಕೆಟ್ ಕೂಡ ಇಲ್ಲ. ಪಾಸ್ ತೆಗೆದುಕೊಂಡರೆ ಎಲ್ಲ ಚಿತ್ರ, ಇಲ್ಲದಿದ್ದರೆ ಒಂದೂ ಇಲ್ಲ. ಎರಡಕ್ಕೂ ಕಾರಣ ಒಂದೇ. ಅದನ್ನು ತಿಳಿದುಕೊಂಡರೆ ಉತ್ಸವ ಅನ್ನುವುದು ಎಂಥ ವ್ಯವಹಾರ ಅನ್ನುವುದು ಅರ್ಧ ಅರ್ಥವಾದ ಹಾಗೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ತೋರಿಸುವ ಯಾವ ಸಿನಿಮಾಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಹೊರದೇಶದಿಂದ ಬಂದು, ಒಂದೋ ಎರಡೋ ಆಟವಾಗಿ ವಾಪಸು ಹೋಗುವ ನೂರಾರು ಚಿತ್ರಗಳಿಗೆ ಪ್ರಮಾಣಪತ್ರ ಮಾಡಿಸುತ್ತಾ ಕೂತರೆ ಉತ್ಸವ ನಡೆಯುವುದೇ ಇಲ್ಲ. ಅದಕ್ಕೇ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಇಟ್ಟಿದೆ. ಉತ್ಸವದವರು ಚಿತ್ರಗಳ ಪಟ್ಟಿಯನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಕಳಿಸಿ ವಿನಾಯಿತಿ ತರಿಸಿಕೊಳ್ಳುತ್ತಾರೆ. ಆದರೆ ಅದಕ್ಕೊಂದು ಷರತ್ತಿದೆ. ಈ ಚಿತ್ರಗಳನ್ನು ಸಾರ್ವಜನಿಕರಿಗೆ ತೋರಿಸುವಂತಿಲ್ಲ, ಹೆಸರು ನೋಂದಾಯಿಸಿಕೊಂಡ ಪ್ರತಿನಿಧಿಗಳಿಗೆ ಮಾತ್ರ ತೋರಿಸಬೇಕು. ನಿಮ್ಮ ಕೊರಳಿಗೆ ಫೋಟೊ ಇರುವ ಕಾರ್ಡು ನೇತುಹಾಕಿ 'ಡೆಲಿಗೇಟ್' ಅನ್ನುವುದು ಶೋಕಿಗಲ್ಲ. ಕಾನೂನಿನ ಕಣ್ಣಿಗೆ ಆ ವಾರದ ಮಟ್ಟಿಗೆ ನೀವು ಪ್ರೇಕ್ಷಕರಲ್ಲ, ಪ್ರತಿನಿಧಿ. ಹೆಚ್ಚಿನವಕ್ಕೆ ಸೆನ್ಸಾರ್ ಆಗಿಲ್ಲ, ಯಾವುದು ಎ ಯಾವುದು ಯು ಅಂತ ಯಾರೂ ನೋಡಿಲ್ಲ, ಆದ್ದರಿಂದ ಹದಿನೆಂಟರ ಗೆರೆ.

ಇದರಿಂದ ಲಾಭವೂ ಇದೆ. ನಿರ್ದೇಶಕ ಕತ್ತರಿಸಿ ಕೊಟ್ಟ ಉದ್ದದಲ್ಲೇ ಚಿತ್ರ ಬರುತ್ತದೆ. ಬೈಗುಳ ಬಂದ ಕಡೆ ಸದ್ದು ಮಾಯವಾಗುವುದಿಲ್ಲ, ಪಾತ್ರ ಸಿಗರೇಟು ಹಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಬುದ್ಧಿವಾದ ಮೂಡುವುದಿಲ್ಲ. ತೊಂದರೆ ಏನೆಂದರೆ, ವಿನಾಯಿತಿ ಪತ್ರ ಕೆಲವು ಸಲ ಕೊನೆ ಗಳಿಗೆಯಲ್ಲಿ ಬರುತ್ತದೆ, ಕೆಲವು ಚಿತ್ರಕ್ಕೆ ಬರುವುದೇ ಇಲ್ಲ. ಹಾಗಾಗಿ ಮುದ್ರಿತ ವೇಳಾಪಟ್ಟಿಯನ್ನು ಪಂಚಾಂಗದ ಹಾಗೆ ನಂಬಬೇಡಿ. ದಿನಾ ಬೆಳಿಗ್ಗೆ ಆ ದಿನದ ಪಟ್ಟಿ ನೋಡಿಕೊಳ್ಳಿ.

ಖರ್ಚಿನ ಲೆಕ್ಕ ಸುಲಭ. ಇತ್ತೀಚಿನ ಆವೃತ್ತಿಗಳಲ್ಲಿ ಪಾಸಿಗೆ 800 ರೂಪಾಯಿ. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಫಿಲಂ ಸೊಸೈಟಿ ಸದಸ್ಯರಿಗೆ 400. ನಾಲ್ಕು ದಿನದಲ್ಲಿ ಹನ್ನೆರಡು ಚಿತ್ರ ನೋಡಿದಿರಿ ಅನ್ನಿ, ಒಂದಕ್ಕೆ 67 ರೂಪಾಯಿಯೂ ಬೀಳುವುದಿಲ್ಲ. ಮಾಲ್‌ನಲ್ಲಿ ಆ ದುಡ್ಡಿಗೆ ಕಾಫಿ ಸಿಗುವುದು ಕಷ್ಟ. ಅಂದಹಾಗೆ ಊಟಕ್ಕೆ ಮಾಲ್ ನೆಚ್ಚಿಕೊಂಡರೆ ಪಾಸಿಗಿಂತ ಅದೇ ದುಬಾರಿಯಾಗುತ್ತದೆ. ಹಳೇ ಕೈಗಳೆಲ್ಲ ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಬಂದು, ಎರಡು ಆಟಗಳ ನಡುವೆ ಹೊರಗಿನ ಕಟ್ಟೆಯ ಮೇಲೆ ಕೂತು ತಿನ್ನುತ್ತಾರೆ. ನಾಚಿಕೊಳ್ಳುವ ಅಗತ್ಯವಿಲ್ಲ.

ಇನ್ನು ಜಾತ್ರೆಯ ಮಾತು. ಜಾತ್ರೆ ಅಂದದ್ದು ಸರಿ, ಬುದ್ಧಿಜೀವಿಗಳದ್ದು ಅಂದದ್ದು ಅರ್ಧ ಸರಿ. ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ. ಅದೂ ಆ ಕಾಯ್ದೆಯ ವರ್ಷದ್ದೇ. 1952ರ ಜನವರಿ 24ಕ್ಕೆ ಮುಂಬೈಯಲ್ಲಿ ಶುರುವಾಗಿ ಆಮೇಲೆ ಮದ್ರಾಸು, ದಿಲ್ಲಿ, ಕಲ್ಕತ್ತಕ್ಕೂ ಹೋಯಿತು. ಅಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್' ತೋರಿಸಿದರು. ಯುದ್ಧದಲ್ಲಿ ಸೋತು ಸುಣ್ಣವಾದ ದೇಶದಲ್ಲಿ, ಸ್ಟುಡಿಯೊ ಬಿಟ್ಟು ಬೀದಿಯಲ್ಲಿ ಕ್ಯಾಮೆರಾ ಇಟ್ಟು, ನಟರಲ್ಲದವರನ್ನು ನಿಲ್ಲಿಸಿ ತೆಗೆದ ಚಿತ್ರ ಅದು. ಕಥೆ ಇಷ್ಟೇ: ಬಡವನೊಬ್ಬನ ಸೈಕಲ್ ಕಳುವಾಗುತ್ತದೆ. ನೋಡಿದವರಲ್ಲಿ ಬಿಮಲ್ ರಾಯ್ ಒಬ್ಬರು. ಮರುವರ್ಷ ಅವರ 'ದೋ ಬಿಘಾ ಜಮೀನ್' ಬಂತು. ಜಮೀನು ಉಳಿಸಿಕೊಳ್ಳಲು ಕಲ್ಕತ್ತಕ್ಕೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ. ಅದನ್ನು ನೋಡಿದ್ದು ಬುದ್ಧಿಜೀವಿಗಳಷ್ಟೇ ಅಲ್ಲವಲ್ಲ. ಉತ್ಸವದಲ್ಲಿ ಕೆಲವೇ ಜನ ನೋಡಿದ್ದು ಹೀಗೆ ಎರಡು ಮೂರು ವರ್ಷಕ್ಕೆ ನಮ್ಮ ನಿಮ್ಮ ಟಾಕೀಸಿಗೆ ಬೇರೆ ವೇಷದಲ್ಲಿ ಬಂದಿರುತ್ತದೆ.

ಆ ಉತ್ಸವ ಆಮೇಲೆ ಊರೂರು ಸುತ್ತಿತು. ಬೆಂಗಳೂರಿಗೆ 1980ರಲ್ಲಿ 'ಫಿಲ್ಮೋತ್ಸವ' ಅನ್ನುವ ಹೆಸರಿನಲ್ಲಿ ಬಂತು, 1992ರ ಜನವರಿಯಲ್ಲಿ ಮತ್ತೊಮ್ಮೆ ಬಂತು. 2004ರಿಂದ ಗೋವಾದಲ್ಲಿ ನೆಲೆ ನಿಂತಿದೆ. 1992ರಲ್ಲಿ ನಾನು ಕಾಲೇಜು ಹುಡುಗ. ಚಳಿಯಲ್ಲಿ ಸಾಲಿನಲ್ಲಿ ನಿಂತು, ಹೆಸರೂ ಸರಿಯಾಗಿ ಹೇಳಲು ಬಾರದ ದೇಶದ ಚಿತ್ರ ನೋಡಿ, ಏನೂ ಅರ್ಥವಾಗದೆ ಬಸ್ ಹತ್ತಿದ್ದೆ. ಮೂರು ದಿನ ಆದಮೇಲೆ ಮನೆಯಲ್ಲಿ ಹಲ್ಲುಜ್ಜುವಾಗ ಅದರ ಒಂದು ದೃಶ್ಯ ಅರ್ಥವಾಯಿತು. ಅಂದಿನಿಂದ ಬಿಟ್ಟಿಲ್ಲ. ಬೆಂಗಳೂರಿಗೆ ತನ್ನದೇ ಉತ್ಸವ ಅಂತ ಆದದ್ದು 2006ರಲ್ಲಿ. ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿಯವರು, 1971ರಿಂದ ಸಿನಿಮಾ ತೋರಿಸುತ್ತಾ ಬಂದವರು, ರಾಜ್ಯ ಸರ್ಕಾರದ ನೆರವಿನೊಂದಿಗೆ ಶುರು ಮಾಡಿದರು. ಈಗ ಸರ್ಕಾರದ ಪರವಾಗಿ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತದೆ. ಸರ್ಕಾರಿ ಉತ್ಸವವಾದ್ದರಿಂದ ವೇದಿಕೆ, ಹಾರ, ಭಾಷಣ ಎಲ್ಲ ಇರುತ್ತದೆ. ಉದ್ಘಾಟನೆಗೆ ಯಾವ ಸ್ಟಾರ್ ಬಂದರು, ಯಾರು ಬರಲಿಲ್ಲ ಅನ್ನುವುದೇ ಪೇಪರಿನಲ್ಲಿ ದೊಡ್ಡ ಸುದ್ದಿ. ನೀವು ಓದಿರುವುದೂ ಬಹುಶಃ ಅದನ್ನೇ. ನಾಲ್ಕು ದಿನದ ರಜೆಯಲ್ಲಿ ಒಂದು ಸಂಜೆಯನ್ನೂ ಅದಕ್ಕೆ ಕೊಡಬೇಡಿ.

ಈಗ ಅಸಲು ಪ್ರಶ್ನೆಗೆ ಬರೋಣ: ಯಾವುದನ್ನು ನೋಡುವುದು?

ಗಣಿತದವರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಹಲವು ವರ್ಷ ಉತ್ಸವದ ಮುಖ್ಯ ತಾಣವಾಗಿದ್ದ ಮಲ್ಲೇಶ್ವರ–ರಾಜಾಜಿನಗರದ ನಡುವಿನ ಒರಾಯನ್ ಮಾಲ್‌ನಲ್ಲಿ 11 ಪರದೆ. ದಿನಕ್ಕೆ ನಾಲ್ಕೈದು ಆಟ. ನಾಲ್ಕು ದಿನಕ್ಕೆ ಹತ್ತಿರ ಹತ್ತಿರ ಇನ್ನೂರು ಪ್ರದರ್ಶನ. ನೀವು ಸಾಯಬಡಿದುಕೊಂಡು ಓಡಾಡಿದರೂ ಹದಿನಾರು ಹದಿನೇಳು ನೋಡಬಹುದು, ತಲೆ ನೆಟ್ಟಗಿರಬೇಕಾದರೆ ಹನ್ನೆರಡು. ಅಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ತಪ್ಪಿಹೋಗುವುದು ಖಾತ್ರಿ. 'ನೋಡಲೇಬೇಕಾದ ಚಿತ್ರ' ಅನ್ನುವ ಹುಡುಕಾಟದಲ್ಲಿ ಹೊರಟವರು ಇಲ್ಲಿ ಸೋಲುತ್ತಾರೆ. ಒಂದು ನೋಡುವಾಗ ಪಕ್ಕದ ಪರದೆಯಲ್ಲಿ ಇನ್ನೊಂದು ತಪ್ಪಿತಲ್ಲ ಅಂತ ಹೊಟ್ಟೆ ಉರಿಸಿಕೊಳ್ಳುತ್ತಾರೆ. ನನ್ನ ಲೆಕ್ಕಾಚಾರ ಬೇರೆ: ಇಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗದ್ದು ಯಾವುದು? ಅದನ್ನು ನೋಡಿ.

ಈ ಒಂದು ಪ್ರಶ್ನೆ ಕೇಳಿದರೆ ಪಟ್ಟಿ ತಾನಾಗಿ ಅರ್ಧಕ್ಕೆ ಇಳಿಯುತ್ತದೆ. ಆ ವರ್ಷ ಫ್ರಾನ್ಸಿನ ಕಾನ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದು ಎಲ್ಲರ ಬಾಯಲ್ಲಿರುವ ಚಿತ್ರಕ್ಕೆ ಉದ್ದೋ ಉದ್ದ ಸಾಲು ಇರುತ್ತದೆ. ಎರಡು ಗಂಟೆ ನಿಂತು ಸೀಟು ಸಿಗದೆ ಜಗಳ ಮಾಡಿಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆ ಚಿತ್ರ ಆರು ತಿಂಗಳಲ್ಲಿ ಯಾವುದೋ ಒಂದು ಒಟಿಟಿಗೆ ಬಂದೇ ಬರುತ್ತದೆ, ದಾವಣಗೆರೆಯಲ್ಲೇ ಕೂತು ನೋಡಬಹುದು. ಅದೇ ಹೊತ್ತಿಗೆ ಪಕ್ಕದ ಪರದೆಯಲ್ಲಿ ಕಿರ್ಗಿಸ್ತಾನದ್ದೋ ಜಾರ್ಜಿಯಾದ್ದೋ ಮೊದಲ ಚಿತ್ರ ಮೂವತ್ತು ಜನಕ್ಕೆ ಓಡುತ್ತಿರುತ್ತದೆ. ಅದಕ್ಕೆ ಇಂಡಿಯಾದಲ್ಲಿ ಕೊಳ್ಳುವವರೇ ಇಲ್ಲ. ಎರಡು ಆಟ ಆದಮೇಲೆ ನಿಮಗೂ ಅದಕ್ಕೂ ಋಣ ತೀರಿತು.

ಹಾಗಾದರೆ ಗೊತ್ತಿಲ್ಲದ ಚಿತ್ರ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಇಲ್ಲಿ ಬೆಂಗಳೂರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಜಗತ್ತಿನ ಉತ್ಸವಗಳಿಗೆ ಒಂದು ಋತುಚಕ್ರ ಇದೆ. ಮೇ ತಿಂಗಳಲ್ಲಿ ಕಾನ್, ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ, ಆಗಸ್ಟ್ ಕೊನೆಗೆ ವೆನಿಸ್, ಸೆಪ್ಟೆಂಬರಿನಲ್ಲಿ ಟೊರಾಂಟೊ, ಅದರ ಬೆನ್ನಿಗೇ ಕೊರಿಯಾದ ಬುಸಾನ್. ನಮ್ಮಲ್ಲಿ ನವೆಂಬರಿನಲ್ಲಿ ಗೋವಾ, ಡಿಸೆಂಬರಿನಲ್ಲಿ ತಿರುವನಂತಪುರ ಮತ್ತು ಚೆನ್ನೈ, ಆಮೇಲೆ ಪುಣೆ. ಬೆಂಗಳೂರು ಬರುವುದು ಕೊನೆಗೆ. 2022ರಲ್ಲಿ ಮಾರ್ಚ್ 3ಕ್ಕೆ, 2023ರಲ್ಲಿ ಮಾರ್ಚ್ 23ಕ್ಕೆ, 2024ರಲ್ಲಿ ಫೆಬ್ರುವರಿ 29ಕ್ಕೆ, 2025ರಲ್ಲಿ ಮಾರ್ಚ್ 1ಕ್ಕೆ ಶುರುವಾಯಿತು. ಮದುವೆ ಮನೆಯ ಕೊನೇ ಪಂಕ್ತಿ ಇದ್ದ ಹಾಗೆ. ಹೋಳಿಗೆ ಕಡಿಮೆಯಾಗಿರಬಹುದು, ಆದರೆ ಮೊದಲ ಪಂಕ್ತಿಯಲ್ಲಿ ಉಂಡು ಬಂದವರು ಯಾವುದು ಚೆನ್ನಾಗಿದೆ, ಯಾವುದಕ್ಕೆ ಉಪ್ಪು ಜಾಸ್ತಿ ಅಂತ ಹೇಳಿಯಾಗಿರುತ್ತದೆ. ಮೊದಲ ಪ್ರದರ್ಶನದ ಹೆಮ್ಮೆಗೆ ಉತ್ಸವಗಳು ಹೊಡೆದಾಡುತ್ತವೆ. ನೋಡುವವನಿಗೆ ಮಾತ್ರ ಕೊನೇ ಪಂಕ್ತಿಯೇ ಲೇಸು.

ಆದ್ದರಿಂದ ಕ್ಯಾಟಲಾಗ್ ಕೈಗೆ ಸಿಕ್ಕಾಗ ಕಥಾಸಾರಾಂಶ ಓದಬೇಡಿ. ಎಲ್ಲ ಕಥಾಸಾರಾಂಶಗಳೂ ಒಂದೇ ಥರ ಇರುತ್ತವೆ: ಒಂದು ಕುಟುಂಬ, ಒಂದು ರಹಸ್ಯ, ಒಂದು ಪಯಣ. ಅದರ ಬದಲು ಕೆಳಗೆ ಚಿಕ್ಕ ಅಕ್ಷರದಲ್ಲಿ ಚಿತ್ರ ಎಲ್ಲೆಲ್ಲಿ ಓಡಾಡಿ ಬಂತು ಅಂತ ಕೊಟ್ಟಿರುತ್ತಾರೆ, ಅದನ್ನು ನೋಡಿ. ಲೊಕಾರ್ನೊ, ಬುಸಾನ್, ನೆದರ್ಲೆಂಡ್ಸಿನ ರಾಟರ್ಡ್ಯಾಮ್ ಅಂತಿದ್ದರೆ ಹೊಸಬರನ್ನು ಆರಿಸುವುದರಲ್ಲಿ ಪಳಗಿದ ಕೈಗಳು ಅದನ್ನು ಮುಟ್ಟಿ ನೋಡಿವೆ ಅಂತ ಅರ್ಥ. 'ಫಿಪ್ರೆಸ್ಕಿ' ಅಂತಿದ್ದರೆ ಅಂತರರಾಷ್ಟ್ರೀಯ ವಿಮರ್ಶಕರ ಸಂಘ ಕೊಟ್ಟ ಪ್ರಶಸ್ತಿ. 'ನೆಟ್‌ಪ್ಯಾಕ್' ಅಂತಿದ್ದರೆ ಏಷ್ಯಾದ ಸಿನಿಮಾಕ್ಕಾಗಿಯೇ ಇರುವ ಜಾಲದ್ದು. ಈ ಎರಡು ಹೆಸರು ನನ್ನನ್ನು ಮೋಸ ಮಾಡಿದ್ದು ಕಡಿಮೆ. ನೂರಿಪ್ಪತ್ತು ಪ್ರಶಸ್ತಿ ಬಂದಿದೆ ಅಂತ ಕೊಚ್ಚಿಕೊಂಡು, ಆ ಉತ್ಸವಗಳ ಹೆಸರೇ ಯಾರೂ ಕೇಳಿರದಿದ್ದರೆ ಸದ್ದಿಲ್ಲದೆ ಪುಟ ತಿರುಗಿಸಿ. ದುಡ್ಡು ಕಟ್ಟಿಸಿಕೊಂಡು ಪ್ರಶಸ್ತಿ ಹಂಚುವ 'ಅಂತರರಾಷ್ಟ್ರೀಯ ಉತ್ಸವ'ಗಳು ಈಗ ಬೀದಿಗೊಂದಿವೆ.

ಸ್ಪರ್ಧೆಯ ವಿಭಾಗಗಳು ಮೂರು: ಏಷ್ಯಾದ ಚಿತ್ರಗಳದ್ದು, 'ಚಿತ್ರಭಾರತಿ' ಅನ್ನುವ ಹೆಸರಿನಲ್ಲಿ ಭಾರತೀಯ ಚಿತ್ರಗಳದ್ದು, ಕನ್ನಡದ್ದು. ಇದಲ್ಲದೆ ಜಗತ್ತಿನ ಸಿನಿಮಾ, ಒಂದು ದೇಶದ ಮೇಲೆ ಬೆಳಕು, ಹಳೆಯ ನಿರ್ದೇಶಕರೊಬ್ಬರ ಚಿತ್ರಗಳ ಸರಣಿ, ತೀರಿಕೊಂಡವರಿಗೆ ನಮನ. ಹಳೆಯ ಚಿತ್ರಗಳನ್ನು ಯೂಟ್ಯೂಬಿನಲ್ಲಿ ನೋಡಬಹುದಲ್ಲ ಅನ್ನಬೇಡಿ. ದುರಸ್ತಿ ಮಾಡಿದ ಕಪ್ಪು ಬಿಳುಪು ಚಿತ್ರವನ್ನು ದೊಡ್ಡ ಪರದೆಯ ಮೇಲೆ ನೋಡಿದಾಗ, ಕಪ್ಪಿನಲ್ಲಿ ಎಷ್ಟು ಥರದ ಕಪ್ಪು ಇದೆ ಅನ್ನುವುದು ಮೊದಲ ಸಲ ಕಾಣುತ್ತದೆ. ದಿನಕ್ಕೆ ಒಂದಾದರೂ ಹಳೆಯದನ್ನು ಸೇರಿಸಿಕೊಳ್ಳಿ.

ಕನ್ನಡದ ವಿಭಾಗದ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. "ಕನ್ನಡ ಚಿತ್ರ ನೋಡೋಕೆ ಬೆಂಗಳೂರಿಗೆ ಯಾಕೆ ಬರಬೇಕು" ಅಂತ ನೀವು ಅಂದುಕೊಳ್ಳಬಹುದು. ಬರಲೇಬೇಕು, ಯಾಕೆಂದರೆ ಅವು ದಾವಣಗೆರೆಗೆ ಬರುವುದಿಲ್ಲ. ಕೆಲವಂತೂ ಬೆಂಗಳೂರಿನ ಥಿಯೇಟರಿಗೂ ಬರುವುದಿಲ್ಲ. ರಾಮ್ ರೆಡ್ಡಿಯವರ 'ತಿಥಿ'ಯನ್ನು ತೆಗೆದುಕೊಳ್ಳಿ. ಮಂಡ್ಯದ ಹಳ್ಳಿಯಲ್ಲಿ ಊರವರನ್ನೇ ನಟರನ್ನಾಗಿ ಹಾಕಿಕೊಂಡು ತೆಗೆದ ಅದಕ್ಕೆ 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಬಂತು, ಆಮೇಲೆ ಇಲ್ಲಿ ಬಿಡುಗಡೆಯಾಗಿ ಓಡಿತು. ಆ ಅದೃಷ್ಟ ಎಲ್ಲಕ್ಕೂ ಇಲ್ಲ. ಜೈಶಂಕರ್ ಆರ್ಯರ್ ಅವರ 'ಶಿವಮ್ಮ' 2022ರಲ್ಲಿ ಬುಸಾನ್‌ನಲ್ಲಿ ಹೊಸ ನಿರ್ದೇಶಕರಿಗಾಗಿ ಇದ್ದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಾಗ ಕೊಪ್ಪಳದ ಕಡೆಯ ಕನ್ನಡವನ್ನು ಕೊರಿಯಾದವರು ನಮಗಿಂತ ಮೊದಲು ಕೇಳಿದರು. ಚಿದಾನಂದ ನಾಯ್ಕ್ ಎಂಬ ಮೈಸೂರಿನ ಹುಡುಗ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಮಾಡಿದ ಕನ್ನಡದ ಕಿರುಚಿತ್ರ 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿಯೊಬ್ಬಳು ಊರ ಹುಂಜವನ್ನು ಕದ್ದೊಯ್ದದ್ದಕ್ಕೆ ಬೆಳಗೇ ಆಗದೆ ಹೋಗುವ ನಮ್ಮ ಜನಪದ ಕಥೆ ಅದು. ಅದೇ ವರ್ಷ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ದುರಸ್ತಿ ಮಾಡಿ ವೆನಿಸ್‌ನಲ್ಲಿ ತೋರಿಸಿದರು. ನಮ್ಮ ಮನೆಯ ಪಾತ್ರೆಗೆ ಕಲಾಯಿ ಹಾಕಿಸಿ ಪಕ್ಕದ ಮನೆಯವರು ಹೊಳಪು ನೋಡಿದ ಹಾಗೆ.

ಸ್ಪರ್ಧೆಯಲ್ಲಿರುವ ಕನ್ನಡ ಚಿತ್ರಗಳೆಲ್ಲ ಈ ಮಟ್ಟದವು ಅಂತ ಹೇಳಿದರೆ ಸುಳ್ಳಾಗುತ್ತದೆ. ಸಬ್ಸಿಡಿಗೆ, ಪ್ರಶಸ್ತಿಗೆ ಅಂತಲೇ ಲೆಕ್ಕ ಹಾಕಿ ತೆಗೆದವು ಇರುತ್ತವೆ. ಮೊದಲ ಹತ್ತು ನಿಮಿಷದಲ್ಲೇ ಒಬ್ಬ ಪಾತ್ರಧಾರಿ ಇನ್ನೊಬ್ಬನಿಗೆ ನೀತಿಪಾಠ ಮಾಡತೊಡಗಿದರೆ ಅದು ಆ ಜಾತಿಯದ್ದು ಅಂತ ತಿಳಿಯಿರಿ. ಆದರೆ ಈ ರಾಶಿಯಲ್ಲೇ ಯಾರೋ ಒಬ್ಬರು, ಶಿರಸಿಯ ಕಡೆಯವರೋ ರಾಯಚೂರಿನವರೋ, ಮೊದಲ ಚಿತ್ರದಲ್ಲೇ ತಮ್ಮೂರಿನ ಮಾತನ್ನು ಎಲ್ಲೂ ತಿದ್ದದೆ ತಂದಿಟ್ಟಿರುತ್ತಾರೆ. ತುಳು, ಕೊಡವ, ಬಂಜಾರ ಭಾಷೆಯ ಚಿತ್ರಗಳೂ ಬರುತ್ತವೆ. ಹನ್ನೆರಡರಲ್ಲಿ ಎರಡು ಇವುಗಳಿಗೆ ಮೀಸಲಿಡಿ. ಚಿತ್ರತಂಡದವರು ಅಲ್ಲೇ ಬಾಗಿಲ ಹತ್ತಿರ ಕೈಕಟ್ಟಿ ನಿಂತಿರುತ್ತಾರೆ, ನೀವು ಏನಂದರೂ ಕೇಳಿಸಿಕೊಳ್ಳುತ್ತಾರೆ.

ಸಬ್‌ಟೈಟಲ್ ನಿಮ್ಮ ನಿಜವಾದ ಭಯ ಅಂತ ಪ್ರಶ್ನೆ ಓದಿದಾಗಲೇ ಅನಿಸಿತು. ಇದನ್ನು ಕೇಳಲು ಎಷ್ಟೋ ಜನ ನಾಚುತ್ತಾರೆ, ನೀವು ಕೇಳಿದ್ದು ಒಳ್ಳೆಯದಾಯಿತು. ಹೊರದೇಶದ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಇರುವುದಿಲ್ಲ, ಇಂಗ್ಲಿಷೇ ಗತಿ. ಕನ್ನಡ ಮಾಧ್ಯಮದಲ್ಲಿ ಓದಿದ ನಾನೂ ಮೊದಲು ಒದ್ದಾಡಿದವನೇ. ನಾವು ಮಾಡುವ ತಪ್ಪು ಏನು ಗೊತ್ತೇ? ಪಠ್ಯಪುಸ್ತಕ ಓದುವ ಹಾಗೆ ಪ್ರತಿ ಪದವನ್ನೂ ಒಳಗೊಳಗೇ ಉಚ್ಚರಿಸುತ್ತಾ ಹೋಗುತ್ತೇವೆ. ಸಬ್‌ಟೈಟಲ್ ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚಿರುವುದಿಲ್ಲ, ಕೆಲವು ಸೆಕೆಂಡಿಗೆ ಮಾಯವಾಗುತ್ತದೆ. ನಾಲ್ಕನೇ ಪದದಲ್ಲಿ ನಾವು ತಡವರಿಸುತ್ತಿರುವಾಗ ಮುಂದಿನದು ಬಂದಿರುತ್ತದೆ. ಅಷ್ಟರಲ್ಲಿ ನಟಿಯ ಮುಖವೂ ಹೋಯಿತು, ಮಾತೂ ಹೋಯಿತು. ಬಸ್ಸಿನ ಬೋರ್ಡು ಓದುವ ಹಾಗೆ ಓದಬೇಕು. ಓಡುತ್ತಿರುವ ಬಸ್ಸಿನ ಬೋರ್ಡನ್ನು ಯಾರೂ ಅಕ್ಷರ ಕೂಡಿಸಿ ಓದುವುದಿಲ್ಲ, 'ಹರಿಹರ' ಅನ್ನುವ ಆಕಾರ ಕಣ್ಣಿಗೆ ಬಿದ್ದರೆ ಸಾಕು. ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ, ಒಂದು ಹೆಸರು ಒಂದು ಕ್ರಿಯಾಪದ ಹಿಡಿದು, ತಕ್ಷಣ ಮುಖಕ್ಕೆ ವಾಪಸು ಬನ್ನಿ. ಉಳಿದದ್ದನ್ನು ದನಿ ಹೇಳುತ್ತದೆ. ಸಾಲ ಕೇಳುವವನ ದನಿ ಎಲ್ಲ ಭಾಷೆಯಲ್ಲೂ ಒಂದೇ.

ಕೂರುವ ಜಾಗವೂ ಮುಖ್ಯ. ಮುಂದಿನ ಸಾಲಿನಲ್ಲಿ ಕೂತರೆ ಮುಖದಿಂದ ಅಕ್ಷರಕ್ಕೆ ಕಣ್ಣು ಇಳಿಯುವ ದೂರ ಹೆಚ್ಚು, ಎರಡು ಚಿತ್ರಕ್ಕೆ ಕತ್ತು ಹಿಡಿದುಕೊಳ್ಳುತ್ತದೆ. ಮಧ್ಯಕ್ಕಿಂತ ಸ್ವಲ್ಪ ಹಿಂದೆ ಕೂತರೆ ಮುಖ, ಅಕ್ಷರ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಇಳಿಜಾರು ಕಡಿಮೆ ಇರುವ ಸಭಾಂಗಣದಲ್ಲಿ ಮುಂದಿನವರ ತಲೆ ಸರಿಯಾಗಿ ಸಬ್‌ಟೈಟಲ್ ಮೇಲೇ ಬರುತ್ತದೆ. ಅಂಥ ಕಡೆ ನಡುವಿನ ದಾರಿಯ ಪಕ್ಕದ ಸೀಟು ಹಿಡಿಯಿರಿ. ಮೊದಲ ದಿನ ಮಾತು ಕಡಿಮೆ ಇರುವವನ್ನು ಆರಿಸಿ. ಫಿನ್ಲೆಂಡಿನ ಅಕಿ ಕೌರಿಸ್ಮಾಕಿಯ ಚಿತ್ರ ಇದ್ದರೆ ಕಣ್ಣು ಮುಚ್ಚಿ ಹೋಗಿ. ಒಂದೂವರೆ ಗಂಟೆ ಆಚೀಚೆ ಮುಗಿಯುತ್ತದೆ, ಪಾತ್ರಗಳು ಬಾಯಿ ಬಿಡುವುದೇ ಅಪರೂಪ, ಬಿಟ್ಟರೆ ನಗು ಬರುತ್ತದೆ. ಟರ್ಕಿಯ ನೂರಿ ಬಿಲ್ಗೆ ಜೇಲಾನ್ ದೊಡ್ಡ ನಿರ್ದೇಶಕ, ಅನುಮಾನವಿಲ್ಲ. ಆದರೆ ಅವನ ಈಚಿನ ಚಿತ್ರಗಳು ಮೂರು ಗಂಟೆ ದಾಟುತ್ತವೆ, ಮಾತಿನ ಹೊಳೆ. ಅವನ್ನು ಮೂರನೇ ದಿನಕ್ಕಿಡಿ. ಅಷ್ಟರಲ್ಲಿ ಕಣ್ಣು ಪಳಗಿರುತ್ತದೆ. ಹೇಗೂ ಆಗುತ್ತದೆ ಅಂತ ನಿಮ್ಮನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ, ನನಗೆ ಆರನೇ ಚಿತ್ರಕ್ಕೆ ಆಯಿತು.

ನಿದ್ದೆಯ ಬಗ್ಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಮಧ್ಯಾಹ್ನದ ಊಟ ಆದಮೇಲಿನ ಆಟದಲ್ಲಿ ತೀರ್ಪುಗಾರರೂ ತೂಗುತ್ತಾರೆ. ಆ ಹೊತ್ತಿಗೆ ಅಪರಾಧ ಕಥೆಯನ್ನೋ ಸಾಕ್ಷ್ಯಚಿತ್ರವನ್ನೋ ಇಟ್ಟುಕೊಳ್ಳಿ, ನಿಧಾನದ್ದನ್ನು ಬೆಳಗಿನ ತಾಜಾ ಕಣ್ಣಿಗೆ ಇಡಿ. ಚಿತ್ರ ಹಿಡಿಸದಿದ್ದರೆ ಎದ್ದು ಹೋಗಬಹುದು. ಉತ್ಸವದಲ್ಲಿ ಅದು ಅವಮಾನ ಅಲ್ಲ, ಎಲ್ಲರೂ ಮಾಡುವುದೇ. ನಾನು ಇಪ್ಪತ್ತೈದು ನಿಮಿಷ ಕೊಡುತ್ತೇನೆ. ಬಗ್ಗಿಕೊಂಡು, ಫೋನಿನ ದೀಪ ಹೊತ್ತಿಸದೆ ಹೊರಗೆ ಬಂದು ಪಕ್ಕದ ಪರದೆಗೆ ಹೋಗಿ. ನಿರ್ದೇಶಕರು ಸಭಾಂಗಣದಲ್ಲೇ ಇದ್ದರೆ ಮಾತ್ರ ನನ್ನ ಕಾಲು ಏಳುವುದಿಲ್ಲ. ಹಾಗೆ ದಾಕ್ಷಿಣ್ಯಕ್ಕೆ ಬಿದ್ದು ಪೂರ್ತಿ ಕೂತು, ಕೊನೆಯ ಹದಿನೈದು ನಿಮಿಷದಲ್ಲಿ ಬೆರಗಾದದ್ದು ಒಂದು ಸಲ ಇದೆ. ಬೆರಗಾಗದೆ ಉಳಿದದ್ದು ಎಷ್ಟೋ ಸಲ.

ಪಾಸ್ ಇದ್ದ ಮಾತ್ರಕ್ಕೆ ಸೀಟು ಇದೆ ಅಂತ ಅರ್ಥವಲ್ಲ. ಮೊದಲು ಬಂದವರಿಗೆ ಮೊದಲು. ಹೆಸರಾದ ಚಿತ್ರವಾದರೆ ಒಂದು ಗಂಟೆ ಮುಂಚೆ, ಉಳಿದವಕ್ಕೆ ಇಪ್ಪತ್ತು ನಿಮಿಷ ಮುಂಚೆ ನಿಂತರೆ ಸಾಕು. ಒಂದರ ಬೆನ್ನಿಗೆ ಒಂದು ಇಟ್ಟುಕೊಳ್ಳಬೇಡಿ. ಇಲ್ಲಿ ಆಟ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ ಅನ್ನುವ ಖಾತ್ರಿ ಇಲ್ಲ. ಅದಕ್ಕೂ ಒಂದು ಕಾರಣ ಹೇಳುತ್ತೇನೆ. ಈಗ ರೀಲು ಇಲ್ಲ. ಚಿತ್ರ ಬರುವುದು ಡಿಸಿಪಿ ಅನ್ನುವ ಡಿಜಿಟಲ್ ಕಡತವಾಗಿ, ಹಾರ್ಡ್ ಡಿಸ್ಕಿನಲ್ಲೋ ಇಂಟರ್ನೆಟ್ ಮೂಲಕವೋ. ಅದಕ್ಕೆ ಬೀಗ ಹಾಕಿರುತ್ತಾರೆ. ಬೀಗದ ಕೈಗೆ ಕೆಡಿಎಂ ಅಂತ ಹೆಸರು. ಈ ಪರದೆಯ ಈ ಯಂತ್ರದಲ್ಲಿ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಮಾತ್ರ ತೆರೆಯಬೇಕು ಅಂತ ಬರೆದು ಕಳಿಸುವ ಕೈ ಅದು. ಕೆಲವು ವರ್ಷದ ಹಿಂದೆ ಒಂದು ಉತ್ಸವದಲ್ಲಿ, ಊರಿನ ಹೆಸರು ಬೇಡ, ಸಭಾಂಗಣ ತುಂಬಿತ್ತು. ದೀಪ ಆರಿತು, ಮತ್ತೆ ಹತ್ತಿತು. ಕೆಡಿಎಂ ಬಂದಿತ್ತು, ಆದರೆ ಪಕ್ಕದ ಪರದೆಯ ಯಂತ್ರದ ಸಂಖ್ಯೆಗೆ. ಯೂರೋಪಿನಲ್ಲಿ ಆಗ ಬೆಳಗಿನ ಜಾವ, ಫೋನ್ ಎತ್ತುವವರಿಲ್ಲ. ಇನ್ನೂರು ಜನ ಎದ್ದು, ಸ್ವಯಂಸೇವಕ ಹುಡುಗಿಯ ಹಿಂದೆ ಶಾಲಾ ಮಕ್ಕಳ ಹಾಗೆ ಸಾಲಾಗಿ ಪಕ್ಕದ ಪರದೆಗೆ ಹೋದೆವು. ಅಲ್ಲಿದ್ದವರು ನಮ್ಮ ಸೀಟಿಗೆ ಬಂದರು. ನಡುವಿನ ಪ್ಯಾಸೇಜಿನಲ್ಲಿ ಎದುರಾದಾಗ ಎರಡು ಸಾಲಿನವರೂ "ನಿಮ್ಮದು ಯಾವುದು, ಚೆನ್ನಾಗಿದೆಯಂತಾ?" ಅಂತ ಕೇಳಿಕೊಂಡೆವು. ಐದಾರು ಜನ ಅಲ್ಲೇ ಸಾಲು ಬದಲಾಯಿಸಿದರು.

ಸಾಲಿನಲ್ಲಿ ನಿಲ್ಲುವುದು ವ್ಯರ್ಥ ಅಲ್ಲ. ನಿಮ್ಮ ಹಿಂದೆ ನಿಂತವರನ್ನು "ನಿನ್ನೆ ಏನು ನೋಡಿದಿರಿ?" ಅಂತ ಕೇಳಿ. ಯಾವ ಕ್ಯಾಟಲಾಗಿಗಿಂತಲೂ ಸರಿಯಾದ ಮಾಹಿತಿ ಸಿಗುವುದು ಅಲ್ಲಿ. ಹಲವು ಚಿತ್ರಗಳಿಗೆ ಎರಡನೇ ಆಟ ಇರುವುದರಿಂದ ಇವತ್ತು ಕೇಳಿದ್ದನ್ನು ನಾಳೆ ನೋಡಬಹುದು. ಹಾಗಾಗಿ ಹನ್ನೆರಡನ್ನೂ ಮನೆಯಲ್ಲೇ ತೀರ್ಮಾನಿಸಿಕೊಂಡು ಬರಬೇಡಿ, ನಾಲ್ಕೈದನ್ನು ಖಾಲಿ ಬಿಡಿ. ನಿವೃತ್ತ ಬ್ಯಾಂಕ್ ನೌಕರರು, ಎಂಜಿನಿಯರಿಂಗ್ ಹುಡುಗರು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ದಿನಕ್ಕೆ ನಾಲ್ಕು ಚಿತ್ರ ನೋಡುವ ಗೃಹಿಣಿಯರು ಸಿಗುತ್ತಾರೆ. ಇವರಲ್ಲಿ ಬುದ್ಧಿಜೀವಿಗಳು ಯಾರು ಅಂತ ಗುರುತಿಸಿ ನಿಮ್ಮ ಸಹೋದ್ಯೋಗಿಗೆ ಹೇಳಿ.

ಓಡಾಟದ ಮಾತು. ತಾಣಗಳು ಆಗಾಗ ಬದಲಾಗುತ್ತವೆ, ಆ ವರ್ಷದ್ದು ಎಲ್ಲಿ ಅಂತ ನೋಡಿಕೊಂಡೇ ರೂಮು ಹಿಡಿಯಿರಿ. ಒರಾಯನ್‌ನಲ್ಲಿ ನಡೆದಾಗ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣ ಹತ್ತಿರ. ನಿಮ್ಮ ಕಡೆಯಿಂದ ಬರುವ ಹಲವು ರೈಲು ಯಶವಂತಪುರದಲ್ಲಿ ನಿಲ್ಲುತ್ತವೆ, ಅಲ್ಲಿಂದ ಅದು ಮುಂದಿನದೇ ನಿಲ್ದಾಣ. ಬನಶಂಕರಿಯ ಸುಚಿತ್ರಾಕ್ಕೂ ಇದೇ ಹಸಿರು ಮಾರ್ಗ. ಆದರೆ ಒಂದೇ ದಿನ ಎರಡು ತಾಣ ಅಂತ ಆಸೆ ಪಡಬೇಡಿ, ಒಂದು ಆಟ ದಾರಿಯಲ್ಲೇ ಹೋಗುತ್ತದೆ. ಸುಚಿತ್ರಾದಲ್ಲಿ ಇಡೀ ದಿನ ಕಳೆದರೆ ಬೇರೆಯೇ ಸುಖ. ಮರದ ನೆರಳು, ಕಡಿಮೆ ಜನ, ಆಟ ಮುಗಿದ ಮೇಲೆ ಅಲ್ಲೇ ನಿಂತು ವಾದ ಮಾಡುವವರು. ಪಾಸಿಗೆ ಫೋಟೊ, ಗುರುತಿನ ಚೀಟಿ ಬೇಕು. ನೋಂದಣಿ ಶುರುವಾದ ಮೊದಲ ದಿನಗಳಲ್ಲೇ ಮಾಡಿಕೊಳ್ಳಿ. ಸ್ವೆಟರ್ ಮರೆಯಬೇಡಿ, ಹೊರಗೆ ಬಿಸಿಲಿದ್ದರೂ ಒಳಗೆ ನಡುಕ.

ಮಗಳಿಗೆ ಹದಿನೆಂಟು ಯಾವಾಗ ತುಂಬುತ್ತದೆ ಅಂತ ನೀವು ಬರೆದಿಲ್ಲ. ಪಿಯುಸಿ ಅಂದಮೇಲೆ ಒಂದು ಉತ್ಸವ, ಹೆಚ್ಚೆಂದರೆ ಎರಡು ತಪ್ಪಬಹುದು. ಆಮೇಲೆ ಅವಳಿಗೆ ವಿದ್ಯಾರ್ಥಿ ಪಾಸು, ಅರ್ಧ ದರ. ಪೂರ್ತಿ ದರ ಕೊಡಬೇಕಾದವರು ನೀವೊಬ್ಬರೇ.